ದಡದಲ್ಲಿ ಉಳಿದ ಲಾಟೀನು

ಇದು ನಮ್ಮ ಪಕ್ಕದ ಮನೆಯ ಬಾಯಜಾಳಿಗೆ ಆದದ್ದು. ಗೋಡೆಗೆ ಗೋಡೆ ಅಂಟಿದ ಮನೆ. ಅವಳು ನಿದ್ದೆಯಲ್ಲಿ ಹಲ್ಲು ಕಡಿದರೂ ನಮಗೆ ಕೇಳುತ್ತಿತ್ತು.

ಆವತ್ತು ಸಂತೆಯಲ್ಲಿ ಒಣಸೀಗಡಿ ಬೇಗ ಖರ್ಚಾಗಲಿಲ್ಲ. ಬಾಯಜಾ ಮತ್ತು ಅವಳ ಅತ್ತೆ ಸೋನೂಬಾಯಿ ಬಂದರಿನ ಆಲದಮರದ ಹತ್ತಿರ ಬರುವಾಗ ನಡುರಾತ್ರಿ. ತಲೆಯ ಮೇಲೆ ಖಾಲಿ ಬುಟ್ಟಿ. ಬಾಯಜಾಳ ಕೈಯಲ್ಲಿ ಲಾಟೀನು, ಬತ್ತಿ ಸಣ್ಣಗೆ.

ಆ ಲಾಟೀನು ಇರಬೇಕಾದದ್ದು ಅವಳ ಗಂಡ ನಾಮಾನ ದೋಣಿಯಲ್ಲಿ. ಗಾಜು ಒಡೆದಿತ್ತು. ಹೊಸದು ಹಾಕಿಸಿ, ಸಂಜೆಯ ಇಳಿತಕ್ಕೆ ಮುಂಚೆ ತಂದುಕೊಡುತ್ತೇನೆ ಎಂದು ಒಯ್ದಿದ್ದಳು. ಸಮುದ್ರ ಯಾರಿಗೆ ಕಾಯುತ್ತದೆ? ದೋಣಿ ಹೋಗಿಯಾಗಿತ್ತು.

ನಮ್ಮ ಬಂದರಿನ ಬಾಯಿಗೇ ಕೋಟೆ. ಕತ್ತಲಲ್ಲಿ ಒಳಗೆ ಬರುವ ದೋಣಿ ಬುರುಜಿನ ಎದುರು ಲಾಟೀನನ್ನು ಮೂರು ಸಲ ಎತ್ತಿ ಇಳಿಸಬೇಕು. ರಾಜರ ಕಾಲದ ಕಟ್ಟಳೆ. ಎತ್ತಿದರೆ ನಮ್ಮವರು. ಇಲ್ಲದಿದ್ದರೆ ಮೂರು ಸಲ ಕೇಳಿ, ಆಮೇಲೆ ತೋಪು ಹಾರಿಸಬೇಕು ಅಂತ ಅಪ್ಪಣೆ. ಆ ಕಾಲದಲ್ಲೇ ಒಂದು ರಾತ್ರಿ ಯಾವುದೋ ದೋಣಿಯ ದೀಪ ಗಾಳಿಗೆ ಆರಿತು. ಬುರುಜಿನ ಮೇಲಿದ್ದವನು ನಮ್ಮ ಕೇರಿಯ ಹುಡುಗನೇ. ಕೇಳಿದ. ಮತ್ತೆ ಕೇಳಿದ. ಮೂರನೆಯ ಸಲವೂ ಉತ್ತರ ಬರಲಿಲ್ಲ... ಕಿಡಿ ಇಟ್ಟ. ಬೆಳಗ್ಗೆ ನೋಡಿದರೆ ಅವನ ಅಣ್ಣಂದಿರ ದೋಣಿ. ಅವನು ಬುರುಜಿನಿಂದ ಇಳಿದದ್ದನ್ನು ಯಾರೂ ನೋಡಲಿಲ್ಲವಂತೆ.

ರಾಜರು ಹೋದರು, ಬಿಳಿಯರು ಹೋದರು, ಕೋಟೆಗೆ ಬೀಗ ಬಿತ್ತು. ತೋಪಿನ ಬಾಯೊಳಗೆ ಗೊರವಂಕ ಗೂಡು ಕಟ್ಟಿತು. ಆದರೂ ನಮ್ಮಲ್ಲಿ ದೀಪವಿಲ್ಲದ ದೋಣಿ ಬೆಳಕು ಹರಿಯುವ ತನಕ ಹೊರಗೇ ನಿಲ್ಲುತ್ತದೆ. ನಾಮಾ ಒಬ್ಬನೇ ನಗುತ್ತಿದ್ದ. "ಕೋಟೇಲಿ ಈಗಿರೋದು ಬಾವಲಿ. ಬಾವಲಿ ತೋಪು ಹಾರಿಸುತ್ತಾ?"

ಆಲದ ಬುಡದಲ್ಲಿ ಸೋನೂಬಾಯಿ ನಿಂತುಬಿಟ್ಟಳು.

"ಕೇಳ್ತಾ ಇದೆಯಾ?"

ಚಳಕ್... ಕಿರ್‍ರ್. ಚಳಕ್... ಕಿರ್‍ರ್. ಎಡ ಹುಟ್ಟಿನ ಹಗ್ಗ ಸಡಿಲವಾದ ದೋಣಿ ನಮ್ಮ ಬಂದರಿಗೆ ಒಂದೇ.

"ನಿನ್ನ ಗಂಡ ಕಣೇ. ಬೆಳಗಿನ ತನಕ ಹೊರಗಿರು ಅಂತ ಹೇಳಿರಲಿಲ್ವಾ?"

"ಎಲ್ಲಿ ಹೇಳಲಿ ಅತ್ತೆ, ನಿಮ್ಮ ಜೊತೇಲೇ ಇದ್ದೆನಲ್ಲ..."

ಕೋಟೆ ಅಲ್ಲಿಂದ ಒಂದು ಕೂಗಳತೆ. ಒಳಗೆ ಕಲ್ಲಿನ ಮೇಲೆ ಕಬ್ಬಿಣ ಎಳೆದ ಸದ್ದು. ಗರ್‍ರ್... ನಿಂತಿತು. ಆಮೇಲೆ ಒಂದು ದನಿ. ಗದರಿಸುವ ದನಿಯಲ್ಲ. ದಣಿದದ್ದು.

"ಯಾರ ದೋಣಿ?"

ಹುಟ್ಟು ನಿಲ್ಲಲಿಲ್ಲ. ಚಳಕ್... ಕಿರ್‍ರ್.

ಬಾಯಜಾ ಬತ್ತಿ ಏರಿಸಿದಳು. ಲಾಟೀನನ್ನು ಎತ್ತಿ ಇಳಿಸಿದಳು. ಮತ್ತೆ ಎತ್ತಿದಳು. ಮೂರನೆಯ ಸಲ ಎತ್ತಿದ ಕೈ ಇಳಿಸಲೇ ಇಲ್ಲ. ಸೋನೂಬಾಯಿ ಮಗನ ಹೆಸರು ಹಿಡಿದು ಕೂಗಿದಳು. ಕಡಲ ಗಾಳಿ ಆ ಕೂಗನ್ನು ಅವಳ ಮುಖಕ್ಕೇ ತಂದು ಬಡಿಯಿತು.

"ಯಾರ ದೋಣಿ?" ಆಮೇಲೆ ಆ ದನಿ ಬಾಯಜಾಳ ಕಡೆಗೇ ತಿರುಗಿತು. "ದಡದ ದೀಪ ನಡೆಯೋದಿಲ್ಲ ತಾಯಿ... ನೀರಿನ ಮೇಲಿರಬೇಕು..."

ಬಾಯಜಾ ನೀರಿಗೆ ಇಳಿದಳು. ಮೊಣಕಾಲು, ಸೊಂಟ, ಎದೆ. ಲಾಟೀನು ತಲೆಯ ಮೇಲೆ. ಅವಳು ಹತ್ತಿರವಾದಷ್ಟೂ ಹುಟ್ಟಿನ ಸದ್ದು ದೂರವೇ ಉಳಿಯಿತು. ಒಂದು ಅಲೆ ಬಂತು... ಚುಂಯ್. ದೀಪ ಆರಿತು.

ಆಗ ಮೂರನೆಯ ಸಲ ಕೇಳಿತು. ಈಗ ಆ ದನಿ ಅಳುತ್ತಿತ್ತು.

"ಯಾರ ದೋಣಿ... ಹೇಳಣ್ಣಾ... ದೀಪ ಎತ್ತಣ್ಣಾ, ಒಂದು ಸಲ..."

ಧಡ್.

ಬೆಂಕಿ ಕಾಣಲಿಲ್ಲ. ನೀರು ಚಿಮ್ಮಲಿಲ್ಲ. ಆಲದಮರದ ಕಾಗೆಗಳು ಒಂದೇ ಸಲಕ್ಕೆ ಎದ್ದವು. ಅವು ಮತ್ತೆ ಕೂತ ಮೇಲೆ ಬಾಯಜಾ ಕಿವಿಗೊಟ್ಟಳು. ಚಳಕ್ ಇಲ್ಲ. ಕಿರ್‍ರ್ ಇಲ್ಲ.

ನಸುಕಿನ ಭರತಕ್ಕೆ ದೋಣಿ ತಾನಾಗಿ ದಡಕ್ಕೆ ಬಂತು. ಒಂದು ಹಲಗೆಯೂ ಬಿರುಕು ಬಿಟ್ಟಿರಲಿಲ್ಲ. ಬಲೆಯ ತುಂಬ ಪಾಂಪ್ಲೆಟ್ ಮೀನು, ಇನ್ನೂ ಬಾಯಿ ಆಡಿಸುತ್ತಿದ್ದವು. ನಾಮಾ ಇರಲಿಲ್ಲ. ಹದಿನೈದು ದಿನ ಹುಡುಕಿದರು. ಕಾಲು ಜಾರಿ ಬಿದ್ದ ಅಂತ ಪೊಲೀಸರು ಬರೆದುಕೊಂಡರು. ಆಗಿನಿಂದ ಬಾಯಜಾ ಯಾರ ದೋಣಿಯದೇ ಆಗಲಿ, ಲಾಟೀನು ಮುಟ್ಟುವುದಿಲ್ಲ.

ಕಟ್ಟುಕತೆ ಅಂತ ಪೇಟೆಯ ಮೇಷ್ಟ್ರು ನನ್ನೆದುರೇ ಹೇಳಿದರು. ಹೇಳಲಿ. ಆ ಬೆಳಗ್ಗೆ ದೋಣಿಯೊಳಗೆ ಮೊದಲು ಇಳಿದವಳು ನಾನು. ಮೀನಿನ ಪಕ್ಕದಲ್ಲಿ ಒಂದು ಗೊರವಂಕದ ಗೂಡು ಬಿದ್ದಿತ್ತು. ಹುಲ್ಲು ಒಂದು ಬದಿ ಸುಟ್ಟು ಕಪ್ಪಾಗಿತ್ತು.

ಈ ಕೈಯಲ್ಲೇ ಎತ್ತಿದೆ. ಇನ್ನೂ ಬಿಸಿ ಇತ್ತು.