ಬಟನ್ ಫೋನಿನ ಪರವಾಗಿ ನಾಲ್ಕು ಮಾತು, ವಿರುದ್ಧವೂ ನಾಲ್ಕು

ಈ ಸಭೆಗೂ ನಮ್ಮ ಖಾಸಗಿ ಬಸ್ ಏಜೆಂಟರ ಸಂಘಕ್ಕೂ ಅಧ್ಯಕ್ಷರಾದ ಮುರುಗೇಶಪ್ಪನವರೇ, ವೇದಿಕೆಯ ಮೇಲೆ ಆಸೀನರಾಗಿರುವ ಬಸ್ ಮಾಲೀಕರೇ, ಚನ್ನಗಿರಿ, ಹೊನ್ನಾಳಿ, ಜಗಳೂರು ನಿಲ್ದಾಣಗಳಲ್ಲಿ ಇವತ್ತೊಂದು ದಿನ ಕೂಗಾಟಕ್ಕೆ ರಜೆ ಹಾಕಿ ಬಂದಿರುವ ಏಜೆಂಟ್ ಬಂಧುಗಳೇ, ಚಾಲಕರೇ, ನಿರ್ವಾಹಕರೇ, ನ್ಯಾಮತಿಯ ತಾಯಂದಿರೇ, ಸಭಿಕರೇ,

ಮೊದಲಿಗೆ ಒಂದು ಸ್ಪಷ್ಟನೆ. ಈಗ ನಿಮ್ಮ ಕಿವಿಗೆ ಬೀಳುತ್ತಿರುವುದು ಹೆಣ್ಣುದನಿ. ಮಾತು ಮಾತ್ರ ನ್ಯಾಮತಿ ಬಸ್ ನಿಲ್ದಾಣದ ಏಜೆಂಟ್ ಸಣ್ಣತಿಮ್ಮಪ್ಪನದು. ಮೈಕಿನ ಪಕ್ಕದಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ನೀವು ಹೊದಿಸಿದ ಶಾಲು ಹೊದ್ದು ನಿಂತಿರುವ ಕಪ್ಪು ಮನುಷ್ಯನೇ ನಾನು. ಶಾಲು ಹೊದಿಸಿಯೇ ಹೊದಿಸುತ್ತೀರಿ ಎಂಬ ನಂಬಿಕೆಯಿಂದ ಇದನ್ನು ಮೊದಲೇ ಬರೆದಿಟ್ಟಿದ್ದೇನೆ. ಓದುತ್ತಿರುವವಳು ನನ್ನ ಮಗಳು ಗಂಗೋತ್ರಿ. ಮಗಳೇ, ‘ಕಪ್ಪು’ ಎಂಬ ಪದವನ್ನು ನೀನು ಹಾರಿಸಿರುತ್ತೀಯ. ಹಿಂದಕ್ಕೆ ಹೋಗಿ ಓದು.

ಇದು ನನ್ನ ಬಟನ್ ಫೋನಿನಲ್ಲಿ ಹದಿನೈದು ದಿನ ಒತ್ತಿದ ಭಾಷಣ. ಒಂದೊಂದು ತುಂಡನ್ನು ಒಂದೊಂದು ಮೆಸೇಜಾಗಿ ಬರೆದು, ಕಳಿಸದೆ ಇಟ್ಟುಕೊಂಡಿದ್ದೇನೆ. ಅವಳಿಗೆ ತೋರಿಸಿಲ್ಲ. ನೀವು ಮೊದಲ ಸಲ ಕೇಳುತ್ತಿರುವಂತೆಯೇ ಅವಳೂ ಇದನ್ನು ಮೊದಲ ಸಲ ಓದುತ್ತಿದ್ದಾಳೆ. ಏಳನೇ ಕ್ಲಾಸು ಓದಿದವನಿಗೆ ಇಂಥ ಭಾಷೆ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನಮ್ಮ ನಿಲ್ದಾಣ ಈ ಸಭಾಭವನದ ಎದುರಿಗೇ ಇದೆ. ಮೂವತ್ತು ವರ್ಷ ಇಲ್ಲಿನ ಭಾಷಣಗಳನ್ನೆಲ್ಲ ಪುಕ್ಕಟೆ ಕೇಳಿದ್ದೇನೆ. ಒಂದು ಭಾಷಣವಾದರೂ ತಿರುಗಿ ಕೊಡಬೇಡವೇ?

ಹೋದ ತಿಂಗಳು ಮುರುಗೇಶಪ್ಪನವರು ನನ್ನ ಬೆಂಚಿಗೆ ಬಂದು ಕೂತು ಹೇಳಿದರು: “ತಿಮ್ಮಪ್ಪ, ನಾಕೂ ನಿಲ್ದಾಣದ ಏಜೆಂಟರಿಗೆ ಇಂಥದೇ ಮೆಸೇಜ್ ಫೋನ್ ಕೊಡ್ಸಾಕೆ ಸಂಘದಾಗೆ ಮಾತು ನಡೀತೈತೆ. ನೀನು ಎರಡು ವರ್ಷದಿಂದ ಅದ್ರಾಗೇ ಬದುಕು ಮಾಡೀಯ. ನಿಂಗೆ ಸನ್ಮಾನನೂ ಆತು, ಅದ್ರ ಒಳ್ಳೇದು ಕೆಟ್ಟದ್ದು ಹೇಳ್ದಂಗೂ ಆತು. ಹೆಂಗೆ?”

ನಾನು ಒಪ್ಪಿದೆ. ಆದರೆ ನಿಜ ಹೇಳುತ್ತೇನೆ, ಒಪ್ಪಿದ್ದು ಶಾಲಿಗೂ ಅಲ್ಲ, ಫೋನಿಗೂ ಅಲ್ಲ. ಗಂಗೋತ್ರಿಗೆ ಜಗಳೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಬರುವ ಸೋಮವಾರ ಅವಳು ಹೋಗಿ ಸೇರಬೇಕು. ಹೋಗಲ್ಲ ಎಂದು ಅವರವ್ವನ ಹತ್ತಿರ ಹೇಳಿ ಕೂತಿದ್ದಾಳೆ. ನಾನು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ಫೋನಿನಲ್ಲಿ ಬರೆದು ತೋರಿಸಿದರೆ ಆ ಕಡೆ ಮುಖ ತಿರುಗಿಸುತ್ತಾಳೆ. ಬರೆದದ್ದನ್ನು ನೋಡದಿದ್ದರೆ ಬರೆದವನು ಏನು ಮಾಡಬೇಕು? ಅದಕ್ಕೇ ಇಷ್ಟು ಜನರ ಮುಂದೆ ಅವಳ ಕೈಯಿಂದಲೇ ಓದಿಸುತ್ತಿದ್ದೇನೆ. ಇಲ್ಲಿಂದ ಎದ್ದು ಹೋಗುವ ಹಾಗಿಲ್ಲ. ಸಿಟ್ಟು ಮಾಡಬೇಡ ಮಗಳೇ, ಮುಂದಿನ ಮೆಸೇಜ್ ತೆಗೆ.

ಈಗ ಫೋನಿನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಕ್ಯಾನ್ಸರೆಂದು ನನ್ನ ಗಂಟಲಿನ ದನಿಪೆಟ್ಟಿಗೆಯನ್ನೇ ಡಾಕ್ಟರು ತೆಗೆದುಹಾಕಿದರು. ದೇವರು ಕಿತ್ತುಕೊಂಡ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ದೇವರಿಗೆ ಯಾಕೆ ಸುಮ್ಮನೆ ಕೆಟ್ಟ ಹೆಸರು? ದಿನಕ್ಕೆ ಎರಡು ಕಟ್ಟು ಬೀಡಿ ಸೇದಿದವನು ನಾನು. ಈಗ ಉಸಿರಾಟವೂ ಕುತ್ತಿಗೆಯ ತೂತಿನಿಂದಲೇ. ಊರ ಹೆಸರು ಕೂಗಿ ಬಸ್ ತುಂಬಿಸುವ ಏಜೆಂಟನಿಗೆ ಸೀಟಿ ಊದುವುದಕ್ಕೂ ಬಾಯಲ್ಲಿ ಗಾಳಿ ಇಲ್ಲ ಎಂದರೆ ನನ್ನ ಸ್ಥಿತಿ ನೀವೇ ಊಹಿಸಿ. ಆಗ ಮೊಬೈಲ್ ಅಂಗಡಿಯ ಮಾರುತಿ ಈ ಹಳೇ ಫೋನನ್ನು ಹುಡುಕಿ ಕೊಟ್ಟ. ಒಂದೊಂದು ಅಕ್ಷರಕ್ಕೂ ಒಂದೊಂದು ಬಟನ್. ಮೆಸೇಜ್ ಬರೆಯುವುದಕ್ಕೆಂದೇ ಮಾಡಿದ್ದು.

ಇದರ ಗುಣಗಳೇನು? ಬಿಸಿಲಲ್ಲಿ ನಿಂತರೂ ಅಕ್ಷರ ಕಾಣುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಮೂರು ದಿನ ಕೇಳುವುದಿಲ್ಲ. ಬಟನ್ನುಗಳು ಬೆರಳಿಗೆ ಸಿಗುವುದರಿಂದ ಕಣ್ಣು ಬಸ್ಸಿನ ಮೇಲಿಟ್ಟುಕೊಂಡೇ ಬರೆಯಬಹುದು. ಟಚ್ ಫೋನಿನಲ್ಲಿ ಬರೆಯಲು ಹೋದವನು ತಲೆ ತಗ್ಗಿಸಬೇಕು. ತಲೆ ತಗ್ಗಿಸಿದ ಏಜೆಂಟನ ಮುಂದೆ ಎರಡು ಬಸ್ಸು ಹೋಗಿರುತ್ತವೆ. ಇದರಲ್ಲಿ ಡ್ಯಾನ್ಸ್ ಮಾಡುವವರ ವಿಡಿಯೋ ಬರುವುದಿಲ್ಲ. ಇದು ಗುಣವೋ ದೋಷವೋ, ಚಾಲಕ ಮಿತ್ರರು ತೀರ್ಮಾನಿಸಲಿ.

ಎಲ್ಲಕ್ಕಿಂತ ದೊಡ್ಡ ಗುಣ ಹೇಳುತ್ತೇನೆ. ಮೂರು ಬಸ್ಸು ಒಟ್ಟಿಗೆ ಹಾರ್ನ್ ಹೊಡೆಯುವ ಜಾಗದಲ್ಲಿ ಫೋನ್ ಮಾತು ಯಾರಿಗೆ ಕೇಳಿಸುತ್ತದೆ? ಗಂಟಲಿದ್ದ ಕಾಲದಲ್ಲೂ ಹೊನ್ನಾಳಿಯ ಏಜೆಂಟ್ ಹಾಲಸ್ವಾಮಿಗೆ ಫೋನ್ ಮಾಡಿದರೆ ‘ಆಂ? ಆಂ?’ ಎನ್ನುವುದರಲ್ಲೇ ಕಾಲ ಮುಗಿಯುತ್ತಿತ್ತು. ಮೆಸೇಜಿಗೆ ಗದ್ದಲವಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಪರೀಕ್ಷೆಗೆಂದು ದಾವಣಗೆರೆಗೆ ಹೊರಟವಳು ಹಾಲ್ ಟಿಕೆಟನ್ನು ನನ್ನ ಬೆಂಚಿನ ಮೇಲೆ ಮರೆತು ಹೋದಳು. ನಾನು ಹಾಲಸ್ವಾಮಿಗೆ ಒತ್ತಿದೆ: ನೀಲಿ ಚೂಡಿದಾರ, ಕಿಟಕಿ ಸೀಟು, ಇಳಿಸಿಕೊ. ಹಿಂದಿನ ಬಸ್ಸಿನ ಚಾಲಕನ ಕೈಗೆ ಹಾಲ್ ಟಿಕೆಟ್ ಕೊಟ್ಟೆ. ಹೊನ್ನಾಳಿಯಲ್ಲಿ ಅವಳಿಗದು ಸಿಕ್ಕಿತು, ಪರೀಕ್ಷೆಯೂ ಸಿಕ್ಕಿತು. ಆ ಹೊತ್ತಿನಲ್ಲಿ ಒಂದಕ್ಷರ ಬಾಯಿಬಿಡದೆ ಒಂದು ಕೆಲಸ ಮಾಡಿದೆನಲ್ಲ ಎಂದು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವತ್ತು ಹೊಟ್ಟೆ ತುಂಬ ಉಂಡೆ.

ಊಟದ ಮಾತು ಬಂದದ್ದರಿಂದ ನನ್ನ ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಸುಬು ನಿಮಗೆ ಗೊತ್ತು. ಬಸ್ಸು ಹೊರಟ ಸಮಯವನ್ನು ಉಳಿದ ಮೂರೂ ನಿಲ್ದಾಣಕ್ಕೆ ಒಂದೇ ಏಟಿಗೆ ಕಳಿಸುವುದು ನನಗೆ ಅಭ್ಯಾಸವಾಗಿಹೋಗಿದೆ. ಒಂದು ದಿನ ಬೆಳಿಗ್ಗೆ ನನ್ನ ಹೆಂಡತಿ ಲಕ್ಷ್ಮಿದೇವಿಯ ಜೊತೆ ಜಗಳವಾಡಿ ಬುತ್ತಿ ಬಿಟ್ಟು ಬಂದಿದ್ದೆ. ಮಧ್ಯಾಹ್ನ ಹಸಿವಾದ ಮೇಲೆ ಬುದ್ಧಿ ಬಂತು. ‘ನಂದೇ ತಪ್ಪು ಲಕ್ಷ್ಮಿ, ಸಿಟ್ಟು ಬಿಡು, ಊಟ ಕಳಿಸು’ ಎಂದು ಒತ್ತಿದೆ. ಬೆರಳು ಅಭ್ಯಾಸದಂತೆ ಮೂರೂ ನಿಲ್ದಾಣಕ್ಕೆ ಕಳಿಸಿಬಿಟ್ಟಿತು. ಒಂದು ತಾಸಿಗೆ ಹೊನ್ನಾಳಿ ಬಸ್ಸಿನಲ್ಲಿ ಹಾಲಸ್ವಾಮಿಯ ಕ್ಯಾರಿಯರ್ ಬಂತು. ಚನ್ನಗಿರಿಯಿಂದ ರೊಟ್ಟಿಯ ಗಂಟು ಬಂತು. ಜಗಳೂರಿನ ಏಜೆಂಟ್ ಅದೇ ಊರಿನಲ್ಲಿರುವ ನನ್ನ ಅಕ್ಕ ದುರುಗಕ್ಕನ ಮನೆಗೇ ಹೋಗಿ ಸುದ್ದಿ ಮುಟ್ಟಿಸಿದನಂತೆ. ಮಾರನೇ ದಿನ ಶೇಂಗಾ ಚಟ್ನಿಪುಡಿಯ ಡಬ್ಬಿ ಬಂತು. ಅದರ ಮೇಲೊಂದು ಚೀಟಿ: ‘ಲಕ್ಷ್ಮಿ ಮಾಡಿದ್ದೇ ಸರಿ.’ ಎಲ್ಲ ಕಡೆಯಿಂದ ಊಟ ಬಂತು, ಯಾರಿಗೆ ಬರೆದಿದ್ದೆನೋ ಅವಳಿಂದ ಮಾತ್ರ ಬರಲಿಲ್ಲ. ಅವಳಿಗೆ ಮೆಸೇಜೇ ಹೋಗಿರಲಿಲ್ಲವಲ್ಲ!

ನಗಿ, ನಗಿ. ಆದರೆ ಇನ್ನುಮೇಲೆ ಹೇಳುವುದಕ್ಕೆ ನನಗೆ ನಗು ಬರುವುದಿಲ್ಲ.

ಈ ಫೋನಿನ ದೋಷವೇನು? ಬರೆದ ಮಾತಿಗೆ ದನಿ ಇರುವುದಿಲ್ಲ. ‘ಬಾ’ ಎಂದು ಕಳಿಸಿದರೆ ಪ್ರೀತಿಯಿಂದ ಕರೆದನೋ, ಗದರಿಸಿದನೋ ಯಾರಿಗೆ ತಿಳಿಯಬೇಕು? ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಅದನ್ನು ನನಗೆ ತಿಳಿಸಿದವರು ಸಿದ್ದಲಿಂಗಮ್ಮ ಎಂಬ ಅಜ್ಜಿ. ಸಂತೆಗೆ ಬಂದವರು, ತಿರುಗಿ ಹೊನ್ನಾಳಿಗೆ ಹೋಗಬೇಕಿತ್ತು. ‘ಹೊನ್ನಾಳಿ ಬಸ್ ಯಾವ್ದಪ್ಪ?’ ಎಂದು ಕೇಳಿದರು. ನಾನು ಗತ್ತಿನಿಂದ ಫೋನಿನಲ್ಲಿ ಬರೆದು ಕಣ್ಣ ಮುಂದೆ ಹಿಡಿದೆ. ಅವರು ಫೋನನ್ನೂ ನೋಡಿದರು, ನನ್ನನ್ನೂ ನೋಡಿದರು.

“ಅಲ್ಲೋ ತಮ್ಮಾ, ಓದಾಕೆ ಬರಂಗಿದ್ರೆ ಬಸ್ಸಿನ ಬೋರ್ಡ್ ಓದ್ಕಂಡು ಹೋಗ್ತಿದ್ದೆ, ನಿನ್ನ ಯಾಕೆ ಕೇಳ್ತಿದ್ದೆ? ನಿನ್ನ ಕೂಗು ಕೇಳ್ಕಂಡೇ ಅಲ್ವೇನೋ ನಾವು ಬಸ್ ಹತ್ತಿದ್ದು? ಅದೆಲ್ಲಿ ಹೋತು?”

ನಾನು ಕೈ ಸನ್ನೆ ಮಾಡಿದೆ. ಅವರು ನನ್ನ ಸನ್ನೆ ನಂಬಿ ಶಿವಮೊಗ್ಗದ ಬಸ್ ಹತ್ತಿದರು. ನಾನು ತೋರಿಸಿದ್ದು ಅದರ ಹಿಂದಿನ ಬಸ್ಸನ್ನು. ಓಡಿದೆ, ಕೂಗಲಾರೆ, ಬಸ್ಸಿನ ಹಿಂಭಾಗ ಬಡಿದೆ, ಅದು ನಿಲ್ಲಲಿಲ್ಲ. ಅವತ್ತು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅಳುವುದಕ್ಕೂ ನನಗೀಗ ಶಬ್ದವಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಗಂಗೋತ್ರಿ ಕಾಲೇಜಿನಿಂದ ಬಂದು ಬಸ್ಸಿಳಿದವಳು ನೋಡಿದಳು. ಪುಸ್ತಕದ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿ, ನಿಲ್ದಾಣದ ನಡುವೆ ನಿಂತು ಊರುಗಳ ಹೆಸರು ಕೂಗಲು ಶುರು ಮಾಡಿದಳು.

ಅವತ್ತಿನಿಂದ ನ್ಯಾಮತಿಯ ಏಜೆಂಟನ ದನಿ ಇವಳದು. ಕಾಲೇಜಿಗೆ ಮುಂಚೆ, ಕಾಲೇಜಾದ ಮೇಲೆ. ಲ್ಯಾಬ್ ಕೋರ್ಸ್ ಮುಗಿದ ಮೇಲೆ ಇಡೀ ದಿನ. ‘ಹೆಣ್ಣುಮಗಳು ಬಸ್ ಕೂಗ್ತಾಳಂತೆ’ ಎಂದು ಮಾತಾಡಿದವರೇ ಈಗ ‘ಗಂಗೋತ್ರಿ, ಬಸ್ ಎಷ್ಟೊತ್ತಿಗವ್ವ?’ ಎಂದು ಕೇಳುತ್ತಾರೆ. ಅವಳ ಬಗ್ಗೆ ನನಗೆ ಎಷ್ಟು ಹೆಮ್ಮೆ ಎಂದು ಇವತ್ತಿನವರೆಗೆ ಹೇಳಿಲ್ಲ. ಗಂಟಲಿದ್ದಾಗಲೂ ಹೇಳಿರಲಿಲ್ಲ. ಅದಕ್ಕೆ ಫೋನು ಕಾರಣವಲ್ಲ, ನಾನೇ ಕಾರಣ.

ಮಗಳೇ, ನೀರು ಕುಡಿ. ಆಮೇಲೆ ಮುಂದಿನದು ತೆಗೆ.

ಸಭಿಕರೇ, ಹೋದ ವಾರ ಈ ಭಾಷಣದ ತುಂಡುಗಳನ್ನು ಹುಡುಕುವಾಗ ನನ್ನದಲ್ಲದ ಒಂದು ಮೆಸೇಜ್ ಸಿಕ್ಕಿತು. ಇವಳು ತನ್ನ ಫೋನಿನಲ್ಲಿ ಚಾರ್ಜ್ ಇಲ್ಲದ ದಿನ ನನ್ನದರಲ್ಲಿ ಬರೆದು, ಕಳಿಸದೆ ಬಿಟ್ಟದ್ದು. ಜಗಳೂರಿನ ಲ್ಯಾಬಿನವರಿಗೆ. ‘ಸರ್, ನಾನು ಸೋಮವಾರ ಬರಾಕೆ ಆಗಲ್ಲ. ನಮ್ಮಪ್ಪಂಗೆ ನನ್ನ ಬಿಟ್ರೆ ದನಿ ಇಲ್ಲ.’

ಇದನ್ನು ಓದಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಳುತ್ತೇನೆ, ಕೇಳಿ. ಆ ಮಾತು ಸುಳ್ಳು. ಸುಳ್ಳು ಹೇಳಿದವಳು ಅವಳಲ್ಲ, ನಾನು. ಆಪರೇಷನ್ ಆದ ತಿಂಗಳಿಗೇ ಡಾಕ್ಟರು ನನಗೆ ಒಂದು ಯಂತ್ರ ಕೊಟ್ಟಿದ್ದರು. ಸಣ್ಣ ಟಾರ್ಚಿನಷ್ಟಿದೆ. ಗಂಟಲಿಗೆ ಒತ್ತಿಹಿಡಿದು ಬಾಯಾಡಿಸಿದರೆ ಮಾತು ಬರುತ್ತದೆ. ‘ದಿನಾ ಅಭ್ಯಾಸ ಮಾಡ್ರಿ, ಬರ್ತದೆ’ ಎಂದಿದ್ದರು. ಒಂದೇ ಸಲ ಮಾಡಿ ನೋಡಿದೆ. ಸ್ಟೇಷನ್ ಸಿಗದ ರೇಡಿಯೋದ ಹಾಗೆ ಗೊರಗೊರ ಎಂದಿತು. ನನ್ನ ಕೂಗು ನಿಲ್ದಾಣದಿಂದ ನ್ಯಾಮತಿ ಆಸ್ಪತ್ರೆಯ ಗೇಟಿನವರೆಗೆ ಕೇಳುತ್ತಿದ್ದ ಕಾಲವಿತ್ತು. ಆ ನಾನು ಇಂಥ ದನಿಯಲ್ಲಿ ನಿಲ್ದಾಣದಲ್ಲಿ ನಿಂತರೆ ಜನ ನಗುವುದಿಲ್ಲವೇ ಎಂದು ನಾಚಿಕೆಯಾಯಿತು. ಯಂತ್ರ ಕೆಟ್ಟಿದೆ ಎಂದು ಮನೆಯಲ್ಲಿ ಹೇಳಿ ಟ್ರಂಕಿನ ತಳಕ್ಕೆ ಹಾಕಿದೆ.

ಮಗಳು ಪಕ್ಕದಲ್ಲಿ ನಿಂತು ಕೂಗುವಾಗ ನನಗೆ ಹಿತವಾಗಿತ್ತು. ನಾನು ಬಟನ್ ಒತ್ತಿಕೊಂಡು ಕೂತಿದ್ದೆ. ಎರಡು ವರ್ಷ! ನನ್ನ ನಾಚಿಕೆಯ ಭಾರವನ್ನು ಇಪ್ಪತ್ತೆರಡು ವರ್ಷದ ಹುಡುಗಿಯ ತಲೆಯ ಮೇಲಿಟ್ಟೆ. ತಪ್ಪಾಯಿತು ಗಂಗೋತ್ರಿ. ಈ ಸಲ ಮೆಸೇಜ್ ಸರಿಯಾದವರಿಗೇ ಕಳಿಸಿದ್ದೇನೆ.

ನೀನು ಬರೆದ ಮೆಸೇಜನ್ನು ನಾನು ಅಳಿಸಿಲ್ಲ, ಮುಟ್ಟಿಲ್ಲ. ಈ ಭಾಷಣದ ಕೆಳಗೇ ಇದೆ. ಕಳಿಸುವುದೋ ಅಳಿಸುವುದೋ ನಿನಗೆ ಬಿಟ್ಟದ್ದು, ಕೆಲಸ ನಿನ್ನದು. ಆದರೆ ಅಪ್ಪನಿಗೆ ದನಿಯಿಲ್ಲ ಎಂಬ ಕಾರಣ ಬರೆಯಬೇಡ. ದುರುಗಕ್ಕ ಅತ್ತೆ ಆಗಲೇ ನಿನಗೆ ಕೋಣೆ ಸಾರಿಸಿ ಇಟ್ಟಿದ್ದಾಳೆ.

ಅಧ್ಯಕ್ಷರೇ, ನೀವು ಕೇಳಿದ್ದಕ್ಕೆ ಉತ್ತರ: ಏಜೆಂಟರಿಗೆ ಈ ಫೋನು ಕೊಡಿಸಿ. ಬಹಳ ಉಪಯೋಗಕ್ಕೆ ಬರುತ್ತದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಇದು ಸಾಕು. ಮನುಷ್ಯರಿಂದ ಮನುಷ್ಯರಿಗೆ ಸಾಲದು. ಬಾಯಿದ್ದವರು ಮನೆಗೆ ಹೋಗಿ ಬಾಯಿಬಿಟ್ಟು ಮಾತಾಡಿ.

ಇವಳು ಜಗಳೂರಿಗೆ ಹೋಗಲ್ಲ ಎಂದಂದಿನಿಂದ, ಇಪ್ಪತ್ತು ದಿನವಾಯಿತು, ಬಸ್ಸುಗಳು ಊಟಕ್ಕೆ ನಿಂತ ಹೊತ್ತಿನಲ್ಲಿ, ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿ ಕೂತು ಆ ಯಂತ್ರದಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಇನ್ನೂ ಚೆನ್ನಾಗಿ ಬರುವುದಿಲ್ಲ. ನಗು ಬಂದರೆ ನಕ್ಕುಬಿಡಿ, ನನಗೀಗ ಅದರ ಭಯವಿಲ್ಲ. ಶಾಲು ಹೊದಿಸಿದ ಸಂಘಕ್ಕೆ, ಅನ್ನ ಕಳಿಸಿದ ನಿಲ್ದಾಣಗಳಿಗೆ, ನನ್ನ ಮಗಳ ಕೂಗಿಗೆ ಗೌರವ ಕೊಟ್ಟ ನ್ಯಾಮತಿಯ ಜನರಿಗೆ ನನ್ನ ವಂದನೆಗಳು. ಫೋನಿನಲ್ಲಿ ಬರೆದದ್ದು ಇಲ್ಲಿಗೆ ಮುಗಿಯಿತು. ಯಂತ್ರ ನನ್ನ ಅಂಗಿಯ ಜೇಬಿನಲ್ಲಿದೆ. ಗಂಗೋತ್ರಿ, ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿ.

ಗಂ... ಗೋ... ತ್ರಿ. ಅಳ... ಬ್ಯಾಡ.

ಜಗಳೂರು... ಜಗಳೂರು... ಜಗಳೂರು! ಸೀಟು ಐತೆ... ಹತ್ತವ್ವ.

ಎಲ್ಲಾರಿಗೂ... ನಮಸ್ಕಾರ.