ಅಳತೆಗಂಬದ ಊರೂ ಗವಿಯ ರಾಕ್ಷಸನೂ

ಹತ್ತಿರ ಬನ್ನಿ ತಾಯಂದಿರಾ, ಕೂಸುಗಳನ್ನು ಮಡಿಲಿಗೆ ಎಳೆದುಕೊಳ್ಳಿ. ಇದು ಹೆದರಿಕೆಯ ಕಥೆ. ಆದರೂ ಶಿವ ಪಕ್ಕದಲ್ಲೇ ಕೂತು ಕೇಳ್ತಾ ಇದ್ದಾನೆ, ಅದನ್ನು ಮರೀಬೇಡಿ.

ಹೆಸರು ಹೇಳೋಕೆ ಯಾರೂ ಉಳಿದಿಲ್ಲದ ಒಂದು ಸೀಮೆ. ಆ ಸೀಮೆಯಲ್ಲಿ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಊರು, ಊರ ನಡುವೆ ಹೊನ್ನೆಮರದ ಒಂದು ಕಂಬ. ಅದಕ್ಕೆ ಅಳತೆಗಂಬ ಅನ್ನೋರು. ಮದುವೆ ವಯಸ್ಸಿಗೆ ಬಂದವರನ್ನು ಆ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಒಂದು ಮೊಳೆ ಹೊಡೆಯೋರು. ಹೊಡೆದ ಮೇಲೆ? ಆಯ್ತು. ಇವನು ಇಷ್ಟೇ, ಇವಳು ಇಷ್ಟೇ. ಪಂಕ್ತಿಯಲ್ಲಿ ಕೂರೋದು ಮೊಳೆ ನೋಡಿ, ಬಾವಿಯಲ್ಲಿ ನೀರು ಸೇದೋದು ಮೊಳೆ ನೋಡಿ, ನ್ಯಾಯದಲ್ಲಿ ಬಾಯಿ ತೆರೆಯೋದೂ ಮೊಳೆ ನೋಡಿ.

ಎಲ್ಲರಿಗಿಂತ ಮೇಲಿನ ಮೊಳೆ ಊರ ಯಜಮಾನ ಮುದ್ದೇಗೌಡನದು. ಎಲ್ಲರಿಗಿಂತ ಕೆಳಗಿನದು ಸಣ್ಣೀರವ್ವನದು. ಪಾಪ, ಕುಳ್ಳಿ. ಗಂಡ ಸತ್ತವಳು. ವಾರಗಿತ್ತಿ ನಿಂಗಿ ಇವಳ ಬೀಸುಕಲ್ಲನ್ನು ಕಿತ್ತುಕೊಂಡಿದ್ದಳು ಅಂತ ಸಣ್ಣೀರವ್ವನ ಹೊಟ್ಟೆಯಲ್ಲಿ ಸದಾ ಒಂದು ಉರಿ.

ಹೀಗಿರೋವಾಗ, ಕೇಳಿ, ಗುಡ್ಡದ ಗವಿಗೆ ಒಬ್ಬ ರಾಕ್ಷಸ ಬಂದು ಸೇರಿಕೊಂಡ. ಮೊದಲು ಆಡು ಹೋದವು. ಆಮೇಲೆ ಎತ್ತು ಹೋದವು. ಆಮೇಲೆ ಒಂದು ಮಧ್ಯಾಹ್ನ, ನಾಯಿಗಳೂ ಉಸಿರು ಬಿಗಿಹಿಡಿದು ಮಲಗಿದ್ದಾಗ, ಗುಡ್ಡದಿಂದ ದನಿ ಬಂತು.

"ಒಬ್ಬರನ್ನು ಕಳಿಸಿ! ಇಲ್ಲಾ, ಬಂಡೆ ಉರುಳಿಸಿ ಊರನ್ನೇ ಅರೆದು ಬಿಡ್ತೀನಿ!"

ಊರವರು ಏನು ಮಾಡಿದರು? ಕಂಬದ ಹತ್ತಿರ ಓಡಿದರು. ಮುದ್ದೇಗೌಡ ಬಗ್ಗಿ ಕೆಳಗಿನ ಮೊಳೆ ಮುಟ್ಟಿದ. "ಇವಳು ಹೋದರೆ ಊರಿಗೆ ಕಳೆದುಕೊಳ್ಳೋದು ಕಮ್ಮಿ" ಅಂದ.

"ಗೌಡ್ರೇ, ನನಗೂ ಜೀವ ಇದೆ" ಅಂದಳು ಸಣ್ಣೀರವ್ವ.

"ಇದೆ ಕಣವ್ವಾ, ಸಣ್ಣದು" ಅಂದ ಗೌಡ. ಒಂದಿಬ್ಬರು ನಕ್ಕರು. ಶಿವನೇ, ಅವತ್ತೂ ನಕ್ಕರು!

ಗುಡ್ಡ ಹತ್ತಿದಳು ಸಣ್ಣೀರವ್ವ. ಸುಡುವ ಕಲ್ಲು, ಅಲ್ಲಾಡದ ಗಾಳಿ. ಒಂದೊಂದು ಹೆಜ್ಜೆಗೂ ಮೈಯೆಲ್ಲ ತಣ್ಣಗಾಗೋದು. ಅರ್ಧ ದಾರೀಲಿ ನಿಂಗಿ ನೆನಪಾದಳು. 'ಅವಳಿಗೂ ಮೂರು ಹೊಟ್ಟೆ ತುಂಬಿಸಬೇಕು. ಬೀಸುಕಲ್ಲು ಅವಳೇ ಇಟ್ಟುಕೊಳ್ಳಲಿ. ಹೋಗಲಿ, ಚೆನ್ನಾಗಿರಲಿ' ಅಂದುಕೊಂಡಳು. ಅಷ್ಟೇ. ನೋಡಿದವರಿಲ್ಲ, ಹೊಗಳಿದವರಿಲ್ಲ.

ಗವಿಯ ಬಾಯಲ್ಲಿ ಕೊಳೆತ ಚರ್ಮದ ನಾತ. ಒಳಗಿಂದ ಒಂದು ಕೈ ಬಂತು. ಮೊರದಗಲದ ಅಂಗೈ. ಅವಳ ಎದೆ ಮುಟ್ಟಿತು, ಥಟ್ಟನೆ ಹಿಂದಕ್ಕೆ ಹೋಯಿತು. ಮತ್ತೆ ಮುಟ್ಟಿತು, ಮತ್ತೆ ಹೋಯಿತು. ಮೂರನೇ ಸಲ ಮುಟ್ಟಿದಾಗ ರಾಕ್ಷಸ ಕಿರುಚಿದ.

"ಥೂ! ನಿನ್ನೊಳಗೆ ಏನೋ ಮೊಳಕೆ ಒಡೀತಾ ಇದೆ! ಹಸೀದು, ಇವತ್ತಿನದು! ನುಂಗಿದರೆ ನನ್ನ ಹೊಟ್ಟೆ ಸೀಳಿಕೊಂಡು ಬರ್ತದೆ. ನನಗೆ ಒಳಗೆಲ್ಲ ಒಣಗಿದವರು ಬೇಕು. ಇನ್ನು ಏನೂ ಆಗೋದಿಲ್ಲ, ಮುಗೀತು, ಅಂಥವರು. ಹೊತ್ತು ಮುಳುಗೋದರೊಳಗೆ ಕರ್ಕೊಂಡು ಬಾ. ಇಲ್ಲಾ, ಈ ಬಂಡೆ ನೋಡಿದೆಯಾ?"

ಓಡಿದಳು, ಬಿದ್ದಳು, ಎದ್ದಳು. ಜೀವಂತ ಬಂದವಳನ್ನು ಕಂಡು ಊರವರು ದೆವ್ವ ಅಂದುಕೊಂಡರು. ಅವಳು ರಾಕ್ಷಸನ ಮಾತು ಹೇಳಿದಳು. ಹೇಳಿದ ಕೂಡಲೇ ಎಲ್ಲರ ಕಣ್ಣೂ ಕಂಬದ ತುದಿಗೆ ಹೋದವು. ಯಾಕೆ ಅಂತೀರಾ? 'ನಾನು ಕಲಿಯೋದು ಕಲಿತಾಯ್ತು, ಆಗೋದು ಆಗಿಹೋಯ್ತು' ಅಂತ ಗೌಡ ದಿನವೂ ಮೀಸೆ ತಿರುವಿ ಹೇಳ್ತಿದ್ದ.

"ನೀವೇ ಹೇಳಿದ್ರಲ್ಲ ಗೌಡ್ರೇ" ಅಂದ ಒಬ್ಬ.

"ತಮಾಷೆಗೆ ಹೇಳಿದ್ದು ಕಣ್ರೋ!"

"ದಿನಾ ತಮಾಷೆ ಮಾಡ್ತಿದ್ರಾ?" ಅಂತ ಇನ್ನೊಬ್ಬ ಅವನ ಹೆಗಲ ಮೇಲೆ ಕೈ ಹಾಕಿದ. ನಿನ್ನೆ ಅಡ್ಡಬಿದ್ದವರೇ ಇವತ್ತು ದೂಡಿದರು.

ಸಣ್ಣೀರವ್ವನ ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ಮರುಗಳಿಗೆ ಆ ಸಿಹಿಗೇ ಅವಳಿಗೆ ಭಯವಾಯಿತು, ರಾಕ್ಷಸನಿಗಿಂತ ಹೆಚ್ಚು ಭಯ. 'ಸ್ವಾಮೀ, ನಾನು ಇಂಥವಳಾ?' ಅಂದಳು. "ಒಬ್ಬರನ್ನೇ ಕಳಿಸಬೇಡಿ, ನಾನೂ ಬರ್ತೀನಿ" ಅಂತ ಗೌಡನ ಕೈ ಹಿಡಿದಳು.

ದಾರೀಲಿ ಗೌಡನ ಮಂಡಿ ಲಟಲಟ ಅಂದವು. "ಈರವ್ವಾ, ಆಗ ಹತ್ತುವಾಗ ನಿನಗೂ ಹೀಗೇ ಆಗಿತ್ತಾ?"

"ಹೀಗೇ, ಗೌಡ್ರೇ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು."

ಗೌಡ ದಾರಿಯಲ್ಲೇ ಕುಸಿದು ಕೂತ. "ನಾನು ಅದನ್ನು ಯೋಚಿಸಲೇ ಇಲ್ಲವಲ್ಲವ್ವಾ. ನಿನಗೂ ಹೀಗಾಗುತ್ತೆ ಅಂತ ಹೊಳೆಯಲೇ ಇಲ್ಲ" ಅಂತ ಬಿಕ್ಕಿ ಬಿಕ್ಕಿ ಅತ್ತ. ತನಗಾಗಿ ಅತ್ತನೋ, ಅವಳಿಗಾಗಿ ಅತ್ತನೋ? ಶುರುವಿನಲ್ಲಿ ತನಗಾಗಿ. ಏಳುವ ಹೊತ್ತಿಗೆ ಅವಳಿಗಾಗಿ.

ಗವಿ ಬಂತು. ಕೈ ಬಂತು. ಗೌಡನ ಎದೆ ಮುಟ್ಟಿತು, ಕೆಂಡ ತಾಗಿದ ಹಾಗೆ ಹಿಂದೆ ಸರಿಯಿತು.

"ಇವನಲ್ಲೂನಾ! ಮೊಳಕೆ ಈಗ ತಾನೇ ಕಣ್ಣು ಬಿಟ್ಟಿದೆ!" ರಾಕ್ಷಸ ಹೊರಗೆ ಬಂದ. ಅಯ್ಯೋ, ಆ ಮುಖ ನಾನು ಹೇಳೋದಿಲ್ಲ, ಕೂಸುಗಳಿವೆ. ಬಂಡೆಗೆ ಹೆಗಲು ಕೊಟ್ಟ. ಮಣ್ಣು ಜರಿಯಿತು. ಕೆಳಗೆ ಊರು ಅಂಗೈಯಷ್ಟು ಕಾಣ್ತಿತ್ತು, ತೊಟ್ಟಿಲುಗಳ ಸಮೇತ.

ಬಂಡೆ ನೂಕುವ ಮುಂಚೆ ಅವನು ಒಮ್ಮೆ ತಿರುಗಿದ. "ಲೇ ಕುಳ್ಳಿ, ನಿನ್ನನ್ನು ಬಿಟ್ಟು ಕಳಿಸಿದ್ದೆ. ಯಾಕೆ ತಿರುಗಿ ಬಂದೆ?"

"ಈ ಮನುಷ್ಯ ಒಬ್ಬನೇ ಹೆದರಬಾರದು ಅಂತ" ಅಂದಳು. ಹಲ್ಲು ಕಟಕಟ ಅನ್ನುತ್ತಿದ್ದರೂ ಕೇಳಿದಳು: "ಅಪ್ಪಾ, ಯಾಕೆ ಅಂತ ಇನ್ನೊಬ್ಬರ ಮನಸ್ಸನ್ನು ಇದಕ್ಕೆ ಮುಂಚೆ ಯಾವತ್ತಾದರೂ ಕೇಳಿದ್ದೆಯಾ?"

"ಇಲ್ಲ."

"ಹಾಗಾದರೆ ಅದೂ ಇವತ್ತಿನದೇ. ಆ ಕೈಯನ್ನು ನಿನ್ನ ಎದೆ ಮೇಲೆ ಇಟ್ಟು ನೋಡು."

ರಾಕ್ಷಸ ನಕ್ಕ, ಗುಡ್ಡ ನಡುಗಿತು. ಮತ್ತೆ ನಕ್ಕ, ಸ್ವಲ್ಪ ಸಣ್ಣಗೆ. ಮೂರನೇ ನಗು ಗಂಟಲಲ್ಲೇ ನಿಂತಿತು. ಕೈ ಎದೆಯ ಮೇಲಿತ್ತು.

ಆಮೇಲೆ ಹೆಗಲು ಬಂಡೆಯಿಂದ ಮೆಲ್ಲಗೆ ಜಾರಿತು.

"ಅವ್ವಾ, ಒಳಗೆ ಏನೋ ಮಿಸುಕ್ತಾ ಇದೆ. ಇದು ಬೆಳೆದರೆ ನಾನು ಏನಾಗ್ತೀನಿ?"

"ಗೊತ್ತಿಲ್ಲಪ್ಪಾ. ನಾನೇನಾಗ್ತೀನಿ ಅನ್ನೋದೇ ನನಗೆ ಗೊತ್ತಿಲ್ಲ. ಅದನ್ನು ಒಳಗೆ ಇಟ್ಟ ಶಿವನಿಗೆ ಗೊತ್ತು."

"ನನಗೆ ಭಯವಾಗ್ತಿದೆ" ಅಂದ ರಾಕ್ಷಸ. ಅಷ್ಟು ದೊಡ್ಡ ದೇಹ, ಎಲೆಯಂತೆ ನಡುಗುತ್ತಿತ್ತು.

ಸಣ್ಣೀರವ್ವ ಅವನ ಪಕ್ಕ ಕೂತಳು. ಗೌಡ ಓಡಿಹೋಗಬಹುದಿತ್ತು, ದಾರಿ ತೆರವಾಗಿತ್ತು. ಓಡಲಿಲ್ಲ. ಇನ್ನೊಂದು ಪಕ್ಕಕ್ಕೆ ಬಂದು ಕೂತ. ಮೂವರೂ ನಡುಗುತ್ತಾ ಕೂತರು, ಒಬ್ಬರ ನಡುಕ ಇನ್ನೊಬ್ಬರಿಗೆ ಒರಗಿಕೊಂಡು.

ಅವರನ್ನು ಅಲ್ಲೇ ಬಿಟ್ಟು ನಾವು ಏಳೋಣ ತಾಯಂದಿರಾ. ಹೇಳಿದ್ದು ನನ್ನ ಬಾಯಿ, ಹೇಳಿಸಿದ್ದು ಶಿವ. ಕೇಳಿದವರ ಮನೆಬಾಗಿಲು ತಣ್ಣಗಿರಲಿ.