ಭಾನುವಾರದ ನೀರು

ಶಿಕಾರಿಪುರದ ಗೊಬ್ಬರದಂಗಡಿ ಮುಂದೆ ಸಾಲು ಕದಲುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ಮುಂದಿದ್ದ ಇಬ್ಬರಿಗೆ ಅದರ ಗೊಡವೆಯೇ ಇರಲಿಲ್ಲ. ಒಂದೇ ಕಾಲುವೆಯ ಎರಡು ಊರಿನವರು. ಹುಚ್ಚರಾಯಪ್ಪ ಆ ಕಾಲುವೆಯ ನೀರುಗಂಟಿ, ಪಾಳಿ ಪ್ರಕಾರ ಊರೂರಿಗೆ ನೀರು ಬಿಡುವವನು. ಕೆರಿಯಪ್ಪನ ಊರಿನ ಫುಟ್‌ಬಾಲ್ ತಂಡ ಹೋದ ವರ್ಷ ಎರಡನೇ ಡಿವಿಜನ್‌ಗೆ ಇಳಿದಿತ್ತು; ಹುಚ್ಚರಾಯಪ್ಪನ ಊರಿನದು ಮೊದಲನೆಯದರಲ್ಲೇ ಉಳಿದಿತ್ತು.

“ಈ ಭಾನುವಾರ ಗೆದ್ರೆ ವಾಪಸ್ ಮೇಲೆ ಬರ್ತೀವಿ, ಹುಚ್ಚರಾಯಣ್ಣ.”

“ಎಷ್ಟು ಜನ ಆಡ್ತೀರಿ ಮಾರಾಯ? ಹೋದ್ಸಲ ಎಂಟೇ ಜನ ಬಂದಿದ್ರಿ. ಗೋಲ್‌ಕೀಪರ್ ಕಾಲಲ್ಲಿ ಗದ್ದೆ ಕೆಸರು ಹಂಗೇ ಇತ್ತು.”

“ನಾಟಿ ದಿನಾನೇ ಮ್ಯಾಚ್ ಇಟ್ರೆ? ಪಟ್ಟಿ ಹಾಕೋರು ಯಾವತ್ತಾದ್ರೂ ಗದ್ದೆಗೆ ಇಳಿದಾರಾ?”

“ಈ ಸಲಾನೂ ನಿಮ್ಮೂರಿನ ನೀರಿನ ಪಾಳಿ ಭಾನುವಾರವೇ.”

“ಅದೇ ಸಂಕಟ. ನೀರು ಬಂದ್ರೆ ಯಾವ ಹುಡುಗ ಗದ್ದೆ ಬಿಟ್ಟು ಬರ್ತಾನೆ?”

“ಹಂಗಾದ್ರೆ ಕೆಳಗೇ ಇರ್ರಿ. ಅಲ್ಲಿ ತಂಪಾಗಿರುತ್ತೆ.”

“ನಗ್ರಿ, ನಗ್ರಿ. ನಾವಿಲ್ದೆ ಈ ವರ್ಷ ನಿಮ್ಮ ಮ್ಯಾಚ್ ನೋಡಾಕೆ ಒಂದು ನರಪಿಳ್ಳೇನೂ ಬರಲಿಲ್ಲ.”

ಹುಚ್ಚರಾಯಪ್ಪ ಬೆರಳು ಮಡಚಿ ಪಾಳಿಯ ದಿನ ಎಣಿಸಿದ.

“ಸೋಮವಾರದ ಪಾಳಿ ನಮ್ಮೂರಿಂದು. ಅದಲುಬದಲು ಮಾಡ್ಕೊಳ್ಳೋಣ. ನಮ್ಮೋರಿಗೆ ನಾನು ಹೇಳ್ತೀನಿ.”

“ನಿಮ್ಮೋರು ಬಯ್ಯಲ್ವಾ?”

“ಬಯ್ತಾರೆ. ಮುಂದಿನ ವರ್ಷ ನಿಮಗೆ ಐದು ಗೋಲ್ ಹೊಡೆದಾಗ ಮರೀತಾರೆ.”

ಅಷ್ಟರಲ್ಲಿ ಅವರ ಸರದಿ ಬಂತು. ಹುಚ್ಚರಾಯಪ್ಪ ಯೂರಿಯಾ ಚೀಲವನ್ನು ಬೈಕಿಗೆ ಕಟ್ಟಿಕೊಂಡು ಹೊರಟ. ಕೆರಿಯಪ್ಪ ತನ್ನ ಚೀಲವನ್ನು ಕಟ್ಟೆಯ ಮೇಲೇ ಬಿಟ್ಟು, ಫೋನ್ ಕಿವಿಗಿಟ್ಟುಕೊಂಡು ರಸ್ತೆಗೆ ನಡೆದ.

“ಹನ್ನೊಂದು ಜನಾನೂ ಬರ್ರೋ. ನಾಟಿ ಸೋಮವಾರ!”